ವಿಯೆನ್ನಾದಿಂದ ಲಂಡನ್ನಿಗೆ ಎಷ್ಟು ಹೊತ್ತು?

ಅದು ಎಂಬತ್ತೇಳನೇ ಇಸವಿಯ ಡಿಸೆಂಬರ್. ನಾನು ಒಮಾನಿಗೆ ಹೋದ ಮೇಲಿನ ಮೂರನೇ ಚಳಿಗಾಲ. ಮಸ್ಕತ್ತಿನಿಂದ ಎರಡು ಗಂಟೆ ಒಳಗೆ, ಬೆಟ್ಟಗಳ ಬುಡದಲ್ಲಿರುವ ರುಸ್ತಾಕ್ ಎಂಬ ಊರಿನಲ್ಲಿ ನನ್ನ ಕೆಲಸ. ಅಂಗಡಿ ಉಳ್ಳಾಲ ಕಡೆಯ ಮೊಯಿದಿನಾಕನದು. ಕಂಬಳಿ, ಥರ್ಮಸ್, ಟಾರ್ಚು, ಸೂಟ್‌ಕೇಸು ಎಲ್ಲ ಸಿಗುತ್ತಿತ್ತು. ಸೂಟ್‌ಕೇಸು ಕೊಳ್ಳುವವರಿಗೆ ಟಿಕೆಟ್ಟೂ ಬೇಕಲ್ಲ ಅಂತ ಮೊಯಿದಿನಾಕ ಒಂದು ಮೂಲೆಯಲ್ಲಿ ಮೇಜು ಹಾಕಿ, ಗೋಡೆಗೆ ದೊಡ್ಡದೊಂದು ಭೂಪಟ ಹೊಡೆದು, ನನ್ನನ್ನು ಅಲ್ಲಿ ಕೂರಿಸಿದ್ದರು. ನಿಜವಾಗಿ ಟಿಕೆಟ್ ಮಾಡುವವನು ಮಸ್ಕತ್ತಿನ ಒಬ್ಬ ಏಜೆಂಟ್. ನಾನು ಹೆಸರು, ಪಾಸ್‌ಪೋರ್ಟ್ ನಂಬರು ಬರೆದುಕೊಂಡು ಫೋನಿನಲ್ಲಿ ಓದಿ ಹೇಳುವವನು, ಅಷ್ಟೆ.

ಆ ಏಜೆಂಟ್ ತನ್ನಲ್ಲಿ ಹಳತಾದ ಒಂದು ದಪ್ಪ ಪುಸ್ತಕವನ್ನು ನಮಗೆ ದಾಟಿಸಿದ್ದ. ಪ್ರಪಂಚದ ವಿಮಾನಗಳ ವೇಳಾಪಟ್ಟಿ. ತೆಳ್ಳಗಿನ ಹಾಳೆ, ಇರುವೆ ಸಾಲಿನಂಥ ಅಕ್ಷರ. ಅದನ್ನು ಕಂಡ ದಿನದಿಂದ ನನಗೆ ಮರುಳು ಹಿಡಿಯಿತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಲ್ಲಿ ಇಡೀ ಪೇಟೆ ಬಾಗಿಲು ಹಾಕಿ ಮಲಗುತ್ತದೆ. ಮೊಯಿದಿನಾಕನೂ ಊಟ ಮುಗಿಸಿ ಮಲಗಲು ಹೋಗುತ್ತಿದ್ದರು. ನಾನು ಮಾತ್ರ ಶಟರನ್ನು ಅರ್ಧ ಎಳೆದು, ಏಸಿಯ ಗುಂಯ್ ಸದ್ದಿನಲ್ಲಿ ಒಬ್ಬನೇ ಕೂತು ಪ್ಯಾರಿಸ್‌ನಿಂದ ರೋಮಿಗೆ, ರೋಮಿನಿಂದ ಅಥೆನ್ಸಿಗೆ ಹೋಗುತ್ತಿದ್ದೆ.

ಹೋಗುವ ಕ್ರಮ ಹೇಗೆಂದರೆ, ಭೂಪಟದ ಮೇಲೆ ಹೊಲಿಗೆ ದಾರ ಹಿಡಿದು ಎರಡು ಊರಿನ ನಡುವಿನ ದೂರ ಅಳೆಯುವುದು. ಪುಸ್ತಕ ನೋಡಿ, ಮುಟ್ಟುವ ಹೊತ್ತಿನಲ್ಲಿ ಹೊರಡುವ ಹೊತ್ತನ್ನು ಕಳೆದು ಪ್ರಯಾಣದ ಸಮಯ ತೆಗೆಯುವುದು. ಎರಡನ್ನೂ ನೋಟ್‌ಬುಕ್ಕಿನಲ್ಲಿ ಚಂದ ಮಾಡಿ ಬರೆಯುವುದು. ಅಂಥ ಒಂದು ನೋಟ್‌ಬುಕ್ ತುಂಬಿ ಎರಡನೆಯದು ಶುರುವಾಗಿತ್ತು. ನಾನು ಹತ್ತಿದ ವಿಮಾನ ಬೊಂಬಾಯಿಯಿಂದ ಮಸ್ಕತ್ತಿನದು ಒಂದೇ. ಯೂರೋಪಿನ ಯಾವ ಊರನ್ನೂ ಕಂಡವನಲ್ಲ, ಕಾಣುವ ಯೋಗವೂ ಇರಲಿಲ್ಲ. ಆದರೂ ಯಾರಾದರೂ ಬಂದು ಜಿನೀವಾದಿಂದ ಬ್ರಸೆಲ್ಸಿಗೆ ಎಷ್ಟು ದೂರ ಅಂತ ಕೇಳಬಾರದೇ ಎಂದು ಕಾಯುತ್ತಿದ್ದೆ. ಬಂದವರೆಲ್ಲ ಕೊಚ್ಚಿ, ಕರಾಚಿ, ಬೊಂಬಾಯಿ ಎನ್ನುವವರೇ.

ಕೊನೆಗೂ ಕೇಳಿದವರು ಅಬು ನಾಸರ್.

ಅಬು ನಾಸರ್ ಅಂದರೆ ನಾಸರನ ಅಪ್ಪ ಎಂದು ಅರ್ಥ. ಹಿರಿಮಗನ ಹೆಸರಿಗೆ ಅಬು ಸೇರಿಸಿ ಅಪ್ಪನನ್ನು, ಉಮ್ಮು ಸೇರಿಸಿ ಅಮ್ಮನನ್ನು ಕರೆಯುವುದು ಅಲ್ಲಿಯ ಪದ್ಧತಿ. ಅವರ ಸ್ವಂತ ಹೆಸರೇನೆಂದು ನನಗೆ ಕೊನೆಗೂ ಗೊತ್ತಾಗಲಿಲ್ಲ. ಅರುವತ್ತು ದಾಟಿದ, ಸಪೂರದ ಮನುಷ್ಯ. ಊರ ಹೊರಗೆ ಖರ್ಜೂರದ ತೋಟ, ಓಡಾಡಲು ಹಳೆಯದೊಂದು ಪಿಕಪ್. ಹರೆಯದಲ್ಲಿ ಒಮ್ಮೆ ಖರ್ಜೂರ ತುಂಬಿದ ಹಾಯಿ ಮಂಜಿಯಲ್ಲಿ ಮಂಗಳೂರು ಬಂದರಿಗೆ ಹೋಗಿ, ಹೆಂಚು ಹೇರಿಕೊಂಡು ಬಂದಿದ್ದರಂತೆ. ನಾನು ಆ ಕಡೆಯವನೆಂದು ತಿಳಿದ ದಿನದಿಂದ ನನ್ನ ಮೇಲೆ ಅವರಿಗೆ ಒಂದು ಪ್ರೀತಿ. ಸದಾಶಿವ ಎಂಬ ನನ್ನ ಹೆಸರು ಅವರ ಬಾಯಲ್ಲಿ ಸದಾ ಆಗಿತ್ತು. ಅರೇಬಿಕ್‌ಗೆ ಹರಕು ಹಿಂದಿ ಬೆರೆಸಿ ಮಾತಾಡುತ್ತಿದ್ದರು. ನಾನು ಹರಕು ಅರೇಬಿಕ್ ಬೆರೆಸಿ ಉತ್ತರ ಕೊಡುತ್ತಿದ್ದೆ.

ಒಂದು ಭಾನುವಾರ ಬಂದು ನನ್ನ ಮೇಜಿನ ಮುಂದೆ ಕೂತರು. "ಸದಾ, ವಿಯೆನ್ನಾದಿಂದ ಲಂಡನ್ನಿಗೆ ಎಷ್ಟು ದೂರ? ವಿಮಾನಕ್ಕೆ ಎಷ್ಟು ಹೊತ್ತು ಬೇಕು?" ಅಂದರು.

ನನಗೆ ಸ್ವರ್ಗ ಸಿಕ್ಕಿದ ಹಾಗಾಯಿತು. ಅವರ ಮುಖ ಸರಿಯಾಗಿ ನೋಡದೆ ದಾರ ಹುಡುಕಲು ಡ್ರಾಯರಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವರೇ ವಿಷಯ ಹೇಳಿದರು. ಅವರ ಹೆಂಡತಿಯನ್ನು ಸರಕಾರದವರು ಹೃದಯದ ಆಪರೇಷನ್ನಿಗೆ ಲಂಡನ್ನಿಗೆ ಕಳಿಸಿದ್ದರು. ಜೊತೆಗೆ ಒಬ್ಬರಿಗೆ ಮಾತ್ರ ಅವಕಾಶ. ಇಂಗ್ಲಿಷ್ ಬಲ್ಲವನೆಂದು ಆಕೆಯ ತಮ್ಮ ಹೋಗಿದ್ದ. ಮಗ ನಾಸರ್ ವಿಯೆನ್ನಾದಲ್ಲಿ ಹೋಟೆಲ್ ಕೆಲಸದ ತರಬೇತಿಯಲ್ಲಿದ್ದ.

"ಉಮ್ಮು ನಾಸರ್ ಹಟ ಹಿಡಿದಿದ್ದಾಳೆ. ಮಗನ ಮುಖ ನೋಡದೆ ಕತ್ತಿಯ ಕೆಳಗೆ ಮಲಗುವುದಿಲ್ಲವಂತೆ. ಡಾಕ್ಟರು ಗುರುವಾರ ಬೆಳಿಗ್ಗೆ ಅಂದಿದ್ದಾರೆ. ಇನ್ನು ಮುಂದೆ ಹಾಕಿದರೆ ಅವಳ ಎದೆ ತಡೆಯುವುದಿಲ್ಲ ಅಂದಿದ್ದಾರೆ. ಬುಧವಾರ ಸಂಜೆಯೊಳಗೆ ನಾಸರ್ ಅಲ್ಲಿರಬೇಕು."

ನನ್ನ ಉತ್ಸಾಹಕ್ಕೆ ನನಗೇ ನಾಚಿಕೆಯಾಯಿತು. ಆದರೂ ದಾರ ಹಿಡಿದೆ. ಸುಮಾರು ಸಾವಿರದ ಇನ್ನೂರೈವತ್ತು ಕಿಲೋಮೀಟರ್ ಬಂತು. ಅವರು ಹಿಂದೊಮ್ಮೆ ಲಾರಿಯಲ್ಲಿ ದಕ್ಷಿಣದ ಸಲಾಲಾಕ್ಕೆ ಹೋಗಿದ್ದರು. "ಹಾಗಾದರೆ ಸಲಾಲಾ ಮುಟ್ಟಿ ಇನ್ನೂ ಸ್ವಲ್ಪ ಮುಂದೆ," ಅಂದುಕೊಂಡರು. ಏಜೆಂಟಿಗೆ ಫೋನ್ ಮಾಡಿದೆ. ಬುಧವಾರದ ವಿಮಾನದಲ್ಲಿ ಜಾಗವಿತ್ತು. ವಿಯೆನ್ನಾ ಬಿಡುವುದು ಹನ್ನೊಂದಕ್ಕೆ, ಲಂಡನ್ ಮುಟ್ಟುವುದು ಹನ್ನೆರಡು ಇಪ್ಪತ್ತೈದಕ್ಕೆ ಎಂದ. ದುಡ್ಡು ಇಲ್ಲಿ ಕಟ್ಟಿದರೆ ಟಿಕೆಟ್ಟು ನಾಸರನಿಗೆ ಅಲ್ಲೇ ಸಿಗುತ್ತದಂತೆ.

"ಒಂದು ಗಂಟೆ ಇಪ್ಪತ್ತೈದು ನಿಮಿಷ, ಖಲಾಸ್!" ಅಂದೆ.

"ಅಷ್ಟೇಯಾ? ಅದು ನನ್ನ ಪಿಕಪ್ಪಿನಲ್ಲಿ ಸೀಬಿನ ವಿಮಾನ ನಿಲ್ದಾಣಕ್ಕೆ ಹೋಗುವ ಹೊತ್ತು!"

ಅವರ ಮುಖದಲ್ಲಿ ಮೊದಲ ಸಲ ನಗು ಕಂಡಿತು. ವಿಯೆನ್ನಾದಲ್ಲಿ ಹನ್ನೊಂದಾದರೆ ಇಲ್ಲಿ ಎರಡು ಗಂಟೆ ಅಂತ ನಾಸರ್ ಅವರಿಗೆ ಮೊದಲೇ ಹೇಳಿದ್ದ. ಎರಡಕ್ಕೆ ಹೊರಟರೆ ಮೂರು ಇಪ್ಪತ್ತೈದಕ್ಕೆ ಲಂಡನ್. ನಾನು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಮಡಚಿ ಟೋಪಿಯೊಳಗೆ ಇಟ್ಟುಕೊಂಡರು. ತೋಟದ ಮನೆಯಲ್ಲಿ ಫೋನಿರಲಿಲ್ಲ. ನಮ್ಮ ಅಂಗಡಿಯಿಂದಲೇ ನಾಸರನಿಗೆ ವಿಷಯ ತಿಳಿಸಿ, ಇಳಿದ ಕೂಡಲೇ ಅವನು ಇಲ್ಲಿಗೇ ಫೋನ್ ಮಾಡಬೇಕು ಎಂದಾಯಿತು.

ಬುಧವಾರ ಒಂದೂಮುಕ್ಕಾಲಕ್ಕೆ ಅರ್ಧ ಎಳೆದ ಶಟರಿನ ಕೆಳಗಿಂದ ಒಂದು ಕಾಫಿ ಫ್ಲಾಸ್ಕು ಒಳಗೆ ಬಂತು. ಅದರ ಹಿಂದೆ ಅಬು ನಾಸರ್ ಬಗ್ಗಿಕೊಂಡು ಬಂದರು.

"ಅವನು ಮೇಲೆ ಇರುವಾಗ ನಾನು ಮನೆಯಲ್ಲಿ ಒಬ್ಬನೇ ಕೂರಲಾರೆ. ದೋಣಿ ಆದರೆ ನನಗೆ ಗೊತ್ತು. ಆಕಾಶ ಗೊತ್ತಿಲ್ಲ. ದಾರಿ ಗೊತ್ತಿರುವವನು ನೀನು. ನನ್ನನ್ನೂ ಕರಕೊಂಡು ಹೋಗು," ಅಂದರು.

ದಾರಿ ಗೊತ್ತಿರುವವನು ನಾನಂತೆ! ಇಲ್ಲ ಅನ್ನಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ, ಇಲ್ಲ ಅನ್ನುವ ಮನಸ್ಸೂ ಇರಲಿಲ್ಲ. ಭೂಪಟದ ಮುಂದೆ ಎರಡು ಕುರ್ಚಿ ಎಳೆದೆ. ಗಡಿಯಾರ ಎರಡು ತೋರಿಸಿದಾಗ ವಿಯೆನ್ನಾದ ಮೇಲೆ ಬೆರಳಿಟ್ಟು, "ಹೊರಟಿತು," ಅಂದೆ. ಅವರು "ಬಿಸ್ಮಿಲ್ಲಾ" ಅಂದರು.

ಆಮೇಲೆ ನಡೆದದ್ದು ಈಗ ನೆನೆದರೆ ಕನಸಿನ ಹಾಗೆ. ಹೊರಗೆ ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಶಟರಿನ ಕೆಳಗಿಂದ ಬಿಸಿಲು ನೆಲದ ಮೇಲೆ ಒಂದು ಪಟ್ಟಿಯಾಗಿ ಬಿದ್ದಿತ್ತು. ನನ್ನ ಬೆರಳು ಒಂದೊಂದು ನೂಲಿನಷ್ಟೇ ಮುಂದೆ ಹೋಗುತ್ತಿತ್ತು. ಹೈಸ್ಕೂಲಿನ ಭೂಗೋಳ, ಅಂಗಡಿಗೆ ಬರುತ್ತಿದ್ದ ಕ್ಯಾಲೆಂಡರುಗಳ ಚಿತ್ರ, ನನ್ನ ಮಧ್ಯಾಹ್ನಗಳ ಹಗಲುಗನಸು ಎಲ್ಲವನ್ನೂ ಕಲಸಿ ಹೇಳುತ್ತಾ ಹೋದೆ. ಈಗ ಕೆಳಗೆ ಡ್ಯಾನ್ಯೂಬ್ ನದಿ. ಅದರ ಮೇಲೆ ಸೇತುವೆಗಳು. ಈಗ ಎಡಗಡೆ ದೂರದಲ್ಲಿ ಬೆಟ್ಟಗಳು, ಅವುಗಳ ತಲೆ ತುಂಬ ಹಿಮ.

"ಹಿಮ ಹೇಗಿರುತ್ತದೆ?" ಅಂತ ಕೇಳಿದರು.

ನಾನೇನು ಕಂಡಿದ್ದೇನೆ? "ಮೊಯಿದಿನಾಕನ ಫ್ರಿಜ್ಜಿನ ಮೇಲಿನ ಪೆಟ್ಟಿಗೆಯೊಳಗೆ ಬೆಳ್ಳಗೆ ಕಟ್ಟಿಕೊಳ್ಳುತ್ತದಲ್ಲ, ಅದೇ. ಬೆಟ್ಟದಷ್ಟು," ಅಂದೆ.

ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಅದನ್ನು ನೋಡಿದರು. "ನಾಸರ್ ದಪ್ಪ ಬಟ್ಟೆ ಹಾಕಿರಬಹುದು," ಅಂದರು.

ಮೂರು ಗಂಟೆ ದಾಟಿದಾಗ ಮಸೀದಿಯಿಂದ ಬಾಂಗ್ ಕೇಳಿತು. "ಈಗ ಎಲ್ಲಿದ್ದಾನೆ?" ಅಂತ ಕೇಳಿದರು. ನನ್ನ ಲೆಕ್ಕದಲ್ಲಿ ರೈನ್ ನದಿ ದಾಟಿ ಬೆಲ್ಜಿಯಂ ಹತ್ತಿರ. ಅವರು ಕಂಬಳಿಗಳ ಕಟ್ಟಿನ ಪಕ್ಕ ಜಾಗ ಮಾಡಿಕೊಂಡು ನಮಾಜು ಮಾಡಿದರು. ಅಷ್ಟು ಹೊತ್ತೂ ನಾನು ಬೆರಳನ್ನು ಕದಲಿಸಲಿಲ್ಲ. ಎತ್ತಿದರೆ ವಿಮಾನ ಎಲ್ಲಿ ಬಿದ್ದುಬಿಡುತ್ತದೋ ಎಂಬ ಭಯ! ಆಮೇಲೆ ಸಮುದ್ರ ಬಂತು. ಸಮುದ್ರ ಎಂದ ಕೂಡಲೇ ಅವರು ಕುರ್ಚಿಯಲ್ಲಿ ನೆಟ್ಟಗಾದರು. ಅಲೆ ಹೇಗಿದೆ, ದೋಣಿ ಇದೆಯೇ ಎಂದೆಲ್ಲ ವಿಚಾರಿಸಿದರು. ಸರಿಯಾಗಿ ಮೂರು ಇಪ್ಪತ್ತೈದಕ್ಕೆ ಲಂಡನ್ನಿನ ಮೇಲೆ ಬೆರಳು ಒತ್ತಿ, "ಇಳಿಯಿತು!" ಅಂದೆ. ಅವರು ಎದ್ದು ನನ್ನನ್ನು ತಬ್ಬಿಕೊಂಡರು. ಕಾಫಿ ಬಗ್ಗಿಸಿದರು, ಖರ್ಜೂರ ಕೊಟ್ಟರು.

ಮತ್ತೆ ಫೋನಿನ ಮುಂದೆ ಕೂತೆವು.

ಮೂರೂವರೆ ಆಯಿತು. ಪೆಟ್ಟಿಗೆ ತೆಗೆದುಕೊಳ್ಳಲು ಹೊತ್ತು ಬೇಕಲ್ಲ ಅಂದೆ. ಮೂರು ನಲವತ್ತಾಯಿತು. ಪಾಸ್‌ಪೋರ್ಟಿನ ಸಾಲು ಉದ್ದ ಇರಬಹುದು ಅಂದೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಎತ್ತಿ ನೋಡಿದೆ, ಸರಿ ಇತ್ತು. ಏಜೆಂಟಿಗೆ ಮಾಡಿದೆ. ಅವರ ಕಚೇರಿಯೂ ಮಧ್ಯಾಹ್ನದ ನಿದ್ದೆಯಲ್ಲಿತ್ತು, ಯಾರೂ ಎತ್ತಲಿಲ್ಲ.

ಅಬು ನಾಸರ್ ಟೋಪಿಯಿಂದ ಚೀಟಿ ತೆಗೆದು ನೋಡಿದರು. ಮತ್ತೆ ಮಡಚಿದರು. ಮತ್ತೆ ಬಿಚ್ಚಿದರು.

"ನನ್ನ ಅಣ್ಣನ ದೋಣಿಯನ್ನೂ ಹೀಗೇ ಕಾದಿದ್ದೆವು. ಇವತ್ತು ಬರುತ್ತದೆ, ಗಾಳಿ ಕಡಿಮೆ ಇದೆ, ಅದಕ್ಕೇ ತಡ ಅಂತ ಹಿರಿಯರು ಹೇಳುತ್ತಿದ್ದರು. ಬರಲೇ ಇಲ್ಲ," ಅಂದರು. ಮತ್ತೆ ಫೋನಿನ ಕಡೆ ನೋಡಿ, "ಅವಳಿಗೆ ಏನು ಹೇಳಲಿ ಸದಾ?" ಅಂದರು.

ಏನಾದರೂ ಮಾಡಬೇಕಲ್ಲ ಅಂತ ಪುಸ್ತಕ ತೆರೆದೆ. ಆ ದಿನ ಮತ್ತೊಂದು ವಿಮಾನ ಇದೆಯೋ, ಅವನು ಅದನ್ನು ಹತ್ತಿರಬಹುದೋ ಎಂದು ಹುಡುಕುವುದು ನನ್ನ ಯೋಚನೆ. ಗಾಬರಿಯಲ್ಲಿ ತಪ್ಪು ಪುಟ ತೆರೆದಿದ್ದೆ. ಅದು ಲಂಡನ್ನಿನಿಂದ ವಿಯೆನ್ನಾಕ್ಕೆ ಹೋಗುವವರ ಪುಟ. ಕಣ್ಣು ತಾನಾಗಿ ಲೆಕ್ಕ ಮಾಡಿತು. ಹೊರಡುವುದು ಎರಡಕ್ಕೆ, ಮುಟ್ಟುವುದು ಐದು ಇಪ್ಪತ್ತೈದಕ್ಕೆ. ಮೂರು ಗಂಟೆ ಇಪ್ಪತ್ತೈದು ನಿಮಿಷ.

ಇದೆಂಥದು? ಹೋಗಲು ಒಂದೂ ಇಪ್ಪತ್ತೈದು, ಬರಲು ಮೂರೂ ಇಪ್ಪತ್ತೈದು? ಅದೇ ಆಕಾಶ, ಅದೇ ದೂರ. ಎರಡು ಗಂಟೆ ಎಲ್ಲಿಗೆ ಹೋಯಿತು?

ಮರುಕ್ಷಣ ನನ್ನ ತಲೆಗೆ ಯಾರೋ ಮೊಟಕಿದ ಹಾಗಾಯಿತು. ಎರಡೂ ಊರಿನ ಗಡಿಯಾರ ಬೇರೆ! ಪುಸ್ತಕದಲ್ಲಿ ಬರೆದದ್ದು ಆಯಾ ಊರಿನ ಹೊತ್ತು. ಆ ಎರಡು ಗಂಟೆಯಲ್ಲಿ ಒಂದು ಹೋಗುವಾಗ ಕಳೆದದ್ದು, ಇನ್ನೊಂದು ಬರುವಾಗ ಕೂಡಿದ್ದು. ವಿಯೆನ್ನಾದಲ್ಲಿ ಹನ್ನೊಂದಾದರೆ ಲಂಡನ್ನಿನಲ್ಲಿ ಇನ್ನೂ ಹತ್ತು. ವಿಮಾನಕ್ಕೆ ಬೇಕಾದದ್ದು ಎರಡು ಗಂಟೆ ಇಪ್ಪತ್ತೈದು ನಿಮಿಷ. ನಾಸರ್ ಇಳಿಯಬೇಕಾದ್ದು ನಮ್ಮ ನಾಲ್ಕು ಇಪ್ಪತ್ತೈದಕ್ಕೆ. ಅವನಿನ್ನೂ ಮೇಲೆಯೇ ಇದ್ದಾನೆ. ನಾನು ಅವನನ್ನು ಒಂದು ಗಂಟೆ ಮೊದಲೇ ಇಳಿಸಿಬಿಟ್ಟಿದ್ದೆ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆಗ ನನಗೆ ಸುಳ್ಳು ಹೇಳುವ ಮನಸ್ಸಾಯಿತು. ವಿಮಾನ ತಡ ಅಂದುಬಿಟ್ಟರೆ ಮುಗಿಯಿತು, ದಾರಿ ಗೊತ್ತಿರುವವನೆಂಬ ಹೆಸರೂ ಉಳಿಯುತ್ತದೆ. ಆದರೆ ಅವರು ಆ ಚೀಟಿಯನ್ನು ಬಿಚ್ಚಿ ಮಡಚುವುದನ್ನು ನೋಡಿದ ಮೇಲೆ ಆಗಲಿಲ್ಲ.

"ಬಾಬಾ, ತಪ್ಪು ನನ್ನದು. ನಾನು ಲೆಕ್ಕ ತಪ್ಪಿದೆ. ವಿಮಾನಕ್ಕೆ ಏನೂ ಆಗಿಲ್ಲ. ಇಳಿಯಲು ಇನ್ನೂ ಹೊತ್ತಿದೆ," ಎಂದು ಪುಸ್ತಕದ ಎರಡೂ ಪುಟ ತೋರಿಸಿ, ಗಡಿಯಾರದ ವಿಷಯ ಹೇಳಿದೆ. ಹೇಳುವಾಗ ನನಗೆ ಅಳು ಬಂತು.

ಅಷ್ಟರಲ್ಲಿ ಮೊಯಿದಿನಾಕ ಶಟರ್ ಎತ್ತಿಕೊಂಡು ಒಳಗೆ ಬಂದವರು ಎಲ್ಲ ಕೇಳಿಸಿಕೊಂಡರು. "ಎಂತ ಮಾರಾಯ ನೀನು! ಊರಿಗೆ ಫೋನ್ ಮಾಡುವಾಗ ಒಂದೂವರೆ ಗಂಟೆ ಕೂಡಿಸಲಿಕ್ಕೆ ಗೊತ್ತುಂಟು. ಇದು ಗೊತ್ತಿಲ್ವಾ?"

"ಅದು ಇಲ್ಲಿಂದ ಊರಿಗೆ ಅಲ್ವಾ ಕಾಕ. ಇದು ಯೂರೋಪಿನ ಒಳಗೇ. ನಮ್ಮ ಅಷ್ಟು ದೊಡ್ಡ ದೇಶಕ್ಕೆ ಒಂದೇ ಗಡಿಯಾರ ಉಂಟು. ಇಷ್ಟು ಚಿಕ್ಕ ಯೂರೋಪಿಗೆ ಎರಡು ಯಾಕೆ ಅಂತ..."

"ನಿನ್ನ ತಲೆ!" ಅಂದರು ಮೊಯಿದಿನಾಕ.

ಅಬು ನಾಸರ್ ಬಯ್ಯಬಹುದೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಬಯ್ಯಲು ಬೇಕಾದಷ್ಟು ಕಾರಣವಿತ್ತು. ಮಗ ಸತ್ತನೆಂದೇ ಹತ್ತು ನಿಮಿಷ ಬದುಕಿದ ಮನುಷ್ಯ ಅವರು. ಅವರು ಮುಖ ಒರೆಸಿಕೊಂಡರು. ಕುರ್ಚಿಯನ್ನು ಭೂಪಟದ ಹತ್ತಿರಕ್ಕೆ ಮತ್ತೆ ಎಳೆದುಕೊಂಡರು.

"ಹಾಗಾದರೆ ಅವನನ್ನು ಮತ್ತೆ ಮೇಲೆತ್ತು ಸದಾ. ಬೇಗ. ಈಗ ಎಲ್ಲಿದ್ದಾನೆ?" ಅಂದರು.

ನಾನು ಲಂಡನ್ನಿನಿಂದ ಹಿಂದೆ ಬಂದು ಬೆಲ್ಜಿಯಂ ಮೇಲೆ ಬೆರಳಿಟ್ಟೆ. ಈ ಸಲ ಬರೇ ಹಸಿರು ಗದ್ದೆ, ದನಗಳು ಅಂದೆ. ಅವರೇ, "ಇನ್ನು ಸಮುದ್ರ ಅಲ್ಲವಾ?" ಅಂದರು. ಮೊಯಿದಿನಾಕ ಲೈಟು ಹಾಕಲಿಲ್ಲ, ಅಂಗಡಿಯನ್ನೂ ತೆರೆಯಲಿಲ್ಲ. ಬಾಗಿಲಿಗೆ ಬಂದ ಗಿರಾಕಿಗಳಿಗೆ ಸ್ವಲ್ಪ ತಾಳಿ ಅಂತ ಕೈ ಮಾಡಿ, ನಮ್ಮ ಹಿಂದೆ ಬಂದು ನಿಂತರು. ಮೂವರೂ ಸಮುದ್ರ ದಾಟಿದೆವು. ನಾಲ್ಕು ಇಪ್ಪತ್ತೈದಕ್ಕೆ ನನ್ನ ಬೆರಳು ಲಂಡನ್ ಮುಟ್ಟಿತು. ಇಳಿಯಿತು ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಫೋನ್ ಬಂದದ್ದು ಐದು ಗಂಟೆ ದಾಟಿದ ಮೇಲೆ. ನಾನು ಎತ್ತಿ, ನಾಸರನ ಧ್ವನಿ ಕೇಳಿ, ಅವರ ಕೈಗೆ ಕೊಟ್ಟೆ. ಅವರು ಲಂಡನ್ನಿಗೆ ನೇರವಾಗಿ ಕೇಳುವಷ್ಟು ಜೋರಾಗಿ ಕೂಗಿದರು. ಕೂಗುತ್ತಾ ಅತ್ತರು. ಅಮ್ಮನ ಹತ್ತಿರ ಬೇಗ ಹೋಗು, ಯಲ್ಲಾ, ಯಲ್ಲಾ ಅಂತ ಅವಸರ ಮಾಡಿದವರು, ಇಡುವ ಮೊದಲು ಏನೋ ಒಂದು ಕೇಳಿದರು. ಆ ಕಡೆಯಿಂದ ಬಂದ ಉತ್ತರಕ್ಕೆ ಅವರ ಮುಖ ಅರಳಿತು.

ರಿಸೀವರ್ ಇಟ್ಟು ನನ್ನ ಕಡೆ ತಿರುಗಿ ಹೇಳಿದರು: "ಸಮುದ್ರ ನೋಡಿದೆಯಾ, ಹಿಮ ನೋಡಿದೆಯಾ ಅಂತ ಕೇಳಿದೆ. ದಾರಿ ಪೂರ್ತಿ ಮೋಡವಂತೆ. ಅವನಿಗೆ ಏನೂ ಕಾಣಲಿಲ್ಲವಂತೆ ಸದಾ! ಎಲ್ಲ ನೋಡಿದವನು ನಾನು."

ಗುರುವಾರ ಆಪರೇಷನ್ ಆಯಿತು. ಮಗ ಬಾಗಿಲವರೆಗೂ ತಾಯಿಯ ಕೈ ಹಿಡಿದುಕೊಂಡು ಹೋದನಂತೆ. ಫೆಬ್ರವರಿಯಲ್ಲಿ ಆಕೆ ಊರಿಗೆ ಮರಳಿದರು. ಆ ವಾರ ನಮ್ಮ ಅಂಗಡಿಗೆ ಒಂದು ದೊಡ್ಡ ತಟ್ಟೆ ಹಲ್ವ ಬಂತು. ಮೊಯಿದಿನಾಕ ತನ್ನ ಪಾಲಿನ ಜೊತೆ ನನ್ನದರಲ್ಲಿ ಅರ್ಧವನ್ನೂ ತಿಂದು, "ತಪ್ಪು ಲೆಕ್ಕಕ್ಕೆ ಇಷ್ಟು ಸಾಕು," ಅಂದರು. ನಾನು ಎರಡೂ ನೋಟ್‌ಬುಕ್ ತೆಗೆದು ಮೊದಲಿಂದ ತಿದ್ದತೊಡಗಿದೆ. ಪೂರ್ವದಿಂದ ಪಶ್ಚಿಮಕ್ಕೆ ಹೋದ ಎಷ್ಟೋ ವಿಮಾನಗಳನ್ನು ನಾನು ಬೇಗ ಇಳಿಸಿದ್ದೆ.

ತೊಂಬತ್ತೈದರಲ್ಲಿ ನಾನು ಕೆಲಸ ಬಿಟ್ಟು ಕಾಪುವಿನ ನಮ್ಮ ಮನೆಗೆ ಹೊರಟೆ. ಸೀಬಿನ ವಿಮಾನ ನಿಲ್ದಾಣಕ್ಕೆ ನನ್ನನ್ನು ಬಿಟ್ಟವರು ಅಬು ನಾಸರ್, ಅದೇ ಹಳೆಯ ಪಿಕಪ್ಪಿನಲ್ಲಿ. ಅಷ್ಟರಲ್ಲಿ ಅವರ ಮನೆಗೂ ಫೋನ್ ಬಂದಿತ್ತು. ಮುಟ್ಟಿದ ಕೂಡಲೇ ಮಾಡಬೇಕು ಎಂದು ನಂಬರನ್ನು ಚೀಟಿಯಲ್ಲಿ ಬರೆಸಿ ತಂದಿದ್ದರು.

"ಬೊಂಬಾಯಿಗೆ ಎಷ್ಟು ಹೊತ್ತು?" ಅಂತ ಕೇಳಿದರು.

"ಎರಡೂವರೆ ಗಂಟೆ," ಅಂದೆ.

"ಗಡಿಯಾರ ನೋಡಿ ಹೇಳಿದ್ದಾ, ಸರಿಯಾಗಿ ಲೆಕ್ಕ ಮಾಡಿ ಹೇಳಿದ್ದಾ?"

ಇಬ್ಬರೂ ನಕ್ಕೆವು. ಎಂಟು ವರ್ಷದಲ್ಲಿ ಅವರು ಅದನ್ನು ಒಮ್ಮೆಯೂ ಎತ್ತಿ ಆಡಿರಲಿಲ್ಲ. ನಿಲ್ದಾಣದ ಬಾಗಿಲಲ್ಲಿ ನನ್ನ ಭುಜ ಹಿಡಿದು, "ಇದು ನನಗೆ ಗೊತ್ತಿರುವ ದಾರಿ. ಪೂರ್ತಿ ಸಮುದ್ರ. ನಾನು ಹದಿನೈದು ದಿನ ಹೋದ ದಾರಿ. ಈ ಸಲ ನಿನ್ನನ್ನು ನಾನು ಕರಕೊಂಡು ಹೋಗುತ್ತೇನೆ. ನೀನು ಸುಮ್ಮನೆ ಕೂತುಕೋ," ಅಂದರು.

ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಹತ್ತು ವರ್ಷದ ಊರನ್ನು ಬಿಟ್ಟು ಹೋಗುವ ಸಂಕಟ, ಮುಂದೆ ಏನು ಮಾಡುವುದೆಂಬ ಚಿಂತೆ, ಎಲ್ಲ ಇತ್ತು. ಆದರೂ ಕೆಳಗೆ ನೀರು ಕಾಣಿಸಿದ್ದೇ ಕಣ್ಣು ಎಳೆಯಿತು. ಅಮ್ಮನ ಪಕ್ಕದಲ್ಲಿ ಮಲಗಿದವನ ಹಾಗೆ ನಿದ್ದೆ ಮಾಡಿದೆ. ಎಚ್ಚರವಾದಾಗ ಚಕ್ರ ನೆಲ ಮುಟ್ಟುತ್ತಿತ್ತು.

ಹೊರಗೆ ಬಂದು ಫೋನಿನ ಬೂತಿನಿಂದ ರುಸ್ತಾಕಿಗೆ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

"ಏನೇನು ನೋಡಿದೆ?"

"ಏನೂ ಇಲ್ಲ ಬಾಬಾ. ನಿದ್ದೆ ಬಂದುಬಿಟ್ಟಿತು."

"ಒಳ್ಳೆಯದಾಯಿತು. ನಾನು ಎಚ್ಚರ ಇದ್ದೆನಲ್ಲ," ಅಂದರು.

ನಾನು ಇವತ್ತಿಗೂ ಯೂರೋಪ್ ಕಂಡಿಲ್ಲ. ಇನ್ನು ಕಾಣದಿದ್ದರೂ ಬೇಸರವಿಲ್ಲ. ಆದರೆ ಮನೆಯವರು ಯಾರಾದರೂ ದೂರದ ಬಸ್ಸು ಹತ್ತಿದರೂ ಸಾಕು, ಅವರು ಮುಟ್ಟಿದೆವು ಅನ್ನುವವರೆಗೆ ನಾನು ಮಲಗುವುದಿಲ್ಲ.